ಎತ್ತು ಬದಲಾಯಿತು, ಅಚ್ಚು?

ದೀಪಾವಳಿ ಕಳೆದು ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಹೊಗೆಯಾಡತೊಡಗಿದವೆಂದರೆ ಕೃಷ್ಣಾ ತೀರದ ರಸ್ತೆಗಳಲ್ಲಿ ಅಚ್ಚುಗಳ ಪರೀಕ್ಷೆ ಆರಂಭವಾಯಿತೆಂದೇ ತಿಳಿಯಬೇಕು. 1939ರಲ್ಲಿ ಉಗಾರದಲ್ಲಿ ಕಾರ್ಖಾನೆ ಸ್ಥಾಪನೆಯಾದಂದಿನಿಂದಲೂ ಈ ಸೀಮೆಯ ಚಕ್ಕಡಿಗಳು ಕಬ್ಬು ಹೊತ್ತು ಅದರ ಬಾಗಿಲಿಗೆ ಸಾಗಿವೆ. ಅಥಣಿ, ರಾಯಬಾಗ, ಕಾಗವಾಡಗಳ ಒಕ್ಕಲಿಗನಿಗೆ ಅಚ್ಚೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತು ಎಷ್ಟೇ ಕಸುವುಳ್ಳದ್ದಾಗಿರಲಿ, ಕಡಾಣಿ ಕಳಚಿದರೆ, ಅಚ್ಚು ಸೀಳಿದರೆ, ಬಂಡಿ ನಿಂತ ಜಾಗವೇ ಊರು. ಆದರೆ ಚಕ್ಕಡಿಯ ವಿಷಯದಲ್ಲಿ ಇಷ್ಟು ವಿವೇಕ ತೋರುವ ಅದೇ ಮನುಷ್ಯ ಮೋಟಾರಿನ ವಿಷಯಕ್ಕೆ ಬಂದಾಗ ಆ ವಿವೇಕವನ್ನು ಮನೆಯ ಗೂಟಕ್ಕೆ ಕಟ್ಟಿಬಂದವನಂತೆ ವರ್ತಿಸುವುದುಂಟು.

ಅಥಣಿಯ ಕಡೆಯ ಒಂದು ಒಕ್ಕಲುಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ತಂದೆಯ ಕಾಲದ ಜೀಪು ಅಂಗಳದಲ್ಲಿದೆ. ಅದು ಮದುಮಕ್ಕಳನ್ನು ಹೊತ್ತಿದೆ, ಬೀಜದ ಚೀಲಗಳನ್ನು ಹೊತ್ತಿದೆ. ಒಂದು ಮಳೆಗಾಲದ ನಡುರಾತ್ರಿ ಮನೆಯ ಹಿರಿಯಾಕೆಯನ್ನು ಕಾಗವಾಡದ ಗಡಿ ದಾಟಿಸಿ ಮಿರಜಿನ ಆಸ್ಪತ್ರೆಗೆ ಮುಟ್ಟಿಸಿದೆ. ಪೆಟ್ರೋಲಿನ ಖರ್ಚನ್ನು ತಾಳಲಾರದ ಮಗ ಹಳೆಯ ಎಂಜಿನನ್ನು ಕಳಚಿ, ಬೇರೊಂದು ವಾಹನದ ಬಲವಾದ ಡೀಸಲ್ ಎಂಜಿನನ್ನು ಅದರ ಗೇರುಪೆಟ್ಟಿಗೆಯ ಸಹಿತ ಕೂಡಿಸಿದ್ದಾನೆ. ಮೂರು ತಿಂಗಳು ಜೀಪು ಹುಲಿಯಂತೆ ಓಡಿತು. ನಾಲ್ಕನೆಯ ತಿಂಗಳು, ಟ್ರೇಲರು ಕಟ್ಟಿಕೊಂಡು ನಿಪ್ಪಾಣಿಯ ದಕ್ಷಿಣದ ತವಂದಿ ಘಾಟು ಏರುವಾಗ, ಹಿಂದಿನಿಂದ 'ಟಪ್' ಎಂಬ ಸದ್ದು. ಎಂಜಿನು ಗರ್ಜಿಸುತ್ತಲೇ ಇತ್ತು. ಗಾಡಿ ಮಾತ್ರ ಚಲಿಸಲಿಲ್ಲ.

ಗ್ಯಾರೇಜಿನ ವೃದ್ಧ ಮಿಸ್ತ್ರಿ ಮುರಿದ ಆಕ್ಸಲ್ ರಾಡನ್ನು ಹೊರಗೆಳೆದು ನೋಡಿ ಹೇಳಿದ: "ಗೌಡ್ರ, ಎತ್ತು ಬದಲಿ ಮಾಡೀರಿ, ಅಚ್ಚು ಹಳೇದ ಐತಿ. ಹೆಂಗ ತಾಳೀತ್ರೀ?"

"ಇದ್ದಕ್ಕಿದ್ದಂಗ ಮುರೀತಲ್ಲ, ಕಾಕಾ!"

"ಇದ್ದಕ್ಕಿದ್ದಂಗ ಅಲ್ರಿ. ಇಲ್ನೋಡ್ರಿ, ಅರ್ಧ ಕರ್ರಗಾಗೇತಿ, ಅರ್ಧ ಹೊಳೀತೈತಿ. ಕರೀ ಭಾಗ ಮೊದಲ ಸೀಳಿತ್ತು. ಹೊಳಿಯೂದು ಇವತ್ತ ಮುರದೈತಿ."

ಮಿಸ್ತ್ರಿಯ ಮಾತು ಲೋಹಶಾಸ್ತ್ರಕ್ಕೆ ಸಮ್ಮತವಾದುದೇ. ಉಕ್ಕು ಬಹುಸಲ ಒಂದೇ ಪೆಟ್ಟಿಗೆ ಮುರಿಯುವುದಿಲ್ಲ. ಶಕ್ತಿಮೀರಿದ ತಿರುಚನ್ನು ಮತ್ತೆ ಮತ್ತೆ ಸಹಿಸುತ್ತ ಎಲ್ಲಿಯೋ ಒಂದು ಕೂದಲೆಳೆಯ ಸೀಳು ಹುಟ್ಟುತ್ತದೆ. ಅದು ದಿನದಿನವೂ ಒಳಗೆ ಸರಿಯುತ್ತದೆ. ಉಳಿದ ಭಾಗ ಹೊರೆಯನ್ನು ತಾಳಲಾರದ ದಿನ ಅಚ್ಚು ತುಂಡಾಗುತ್ತದೆ. ಮುರಿದ ಮುಖ ಆ ಅಚ್ಚಿನ ಜಾತಕವಿದ್ದಂತೆ.

ಈ ಬಗೆಯ ಎಂಜಿನ್ ಬದಲಾವಣೆ ಬೆಳಗಾವಿ ಜಿಲ್ಲೆಗೆ ಮಾತ್ರ ಸೇರಿದ ಚಾಳಿಯಲ್ಲ. ಡೀಸಲ್ ಪೆಟ್ರೋಲಿಗಿಂತ ಬಹಳ ಅಗ್ಗವಾಗಿದ್ದ ದಶಕಗಳಲ್ಲಿ ದೇಶದಲ್ಲೆಲ್ಲ ಜೀಪುಗಳಿಗೂ ಅಂಬಾಸಡರ್ ಕಾರುಗಳಿಗೂ ಡೀಸಲ್ ಹೃದಯವನ್ನು ಕಸಿ ಮಾಡಲಾಯಿತು. 2014ರ ಅಕ್ಟೋಬರಿನಲ್ಲಿ ಸರಕಾರ ಡೀಸಲ್ ಬೆಲೆಯ ಮೇಲಿನ ಹಿಡಿತವನ್ನು ಸಡಿಲಿಸಿದ ಮೇಲೆ ಉಳಿತಾಯದ ಆಸೆ ಕುಗ್ಗಿತು. ಆದರೆ ಹಳೆಯ ಗಾಡಿಯ ಮೇಲಿನ ಮಮತೆ ಕುಗ್ಗಲಿಲ್ಲ.

ಹೊಸ ಎಂಜಿನು ಅಚ್ಚಿನ ಮೇಲೆ ಹೇರುವ ಭಾರವೆಷ್ಟು? ಇದು ಗುಣಾಕಾರದ ವಿಷಯ. ಎಂಜಿನಿನ ತಿರುಗುಬಲವನ್ನು ಮೊದಲ ಗೇರು ಹೆಚ್ಚಿಸುತ್ತದೆ. ಅದನ್ನು ಹಿಂದಿನ ಕ್ರೌನ್ ಮತ್ತು ಪಿನಿಯನ್ ಮತ್ತೆ ಹೆಚ್ಚಿಸುತ್ತವೆ. ಸಿ.ಜೆ. 3ಬಿ ಜೀಪಿನ ಹಳೆಯ ಪೆಟ್ರೋಲ್ ಎಂಜಿನಿನ ತಿರುಗುಬಲ ಸುಮಾರು 15 ಕಿಲೋಗ್ರಾಂ-ಮೀಟರು. ಮೊದಲ ಗೇರು 2.8, ಕ್ರೌನಿಗೆ 43 ಹಲ್ಲು, ಪಿನಿಯನಿಗೆ 8, ಅಂದರೆ ಅನುಪಾತ 5.38. ಮೂರನ್ನೂ ಗುಣಿಸಿದರೆ ಸುಮಾರು 226. ಹೊಸ ಎಂಜಿನಿನ ಬಲ 20, ಅದರೊಡನೆ ಬಂದ ಗೇರುಪೆಟ್ಟಿಗೆಯ ಮೊದಲ ಗೇರು 4 ಎಂದಿಟ್ಟುಕೊಂಡರೆ ಅದೇ ಅಚ್ಚಿಗೆ ಬರುವುದು 430. ಎಂಜಿನಿನ ಬಲ ಮೂರನೆಯ ಒಂದಂಶ ಮಾತ್ರ ಹೆಚ್ಚಿತು. ಅಚ್ಚಿನ ಕಷ್ಟ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಎಂಜಿನನ್ನು ಲೆಕ್ಕ ಹಾಕಿದವನು ಅದರ ಜೊತೆ ಬಂದ ಗೇರನ್ನು ಮರೆತಿದ್ದ.

ಹಾಗಾದರೆ ಇಂತಹ ಅಚ್ಚುಗಳೆಲ್ಲ ಮೊದಲ ದಿನವೇ ಏಕೆ ಮುರಿಯುವುದಿಲ್ಲ? ಬರಿದಾದ ಗಾಡಿಯ ಚಕ್ರ ಬಲ ಹೆಚ್ಚಾದಾಗ ನೆಲದ ಮೇಲೆ ಜಾರಿಬಿಡುತ್ತದೆ. ಆ ಜಾರುವಿಕೆಯೇ ಅಚ್ಚಿನ ರಕ್ಷಾಕವಚ. ಹಿಂದೆ ಹೊರೆ ಹೇರಿ, ಒಣಗಿದ ಡಾಂಬರಿನ ಏರಿನಲ್ಲಿ ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ಚಕ್ರ ಜಾರಲಾರದು. ಆಗ ತಿರುಚೆಲ್ಲವೂ ಉಕ್ಕಿಗೇ ತಗಲುತ್ತದೆ. ತವಂದಿಯಲ್ಲಿ ನಡೆದದ್ದು ಇದೇ.

ಇನ್ನು ಬಲವಾದ ಅಚ್ಚನ್ನು ಆರಿಸುವ ಮಾತು. ಮೊದಲು ನೋಡಬೇಕಾದದ್ದು ರಾಡಿನ ದಪ್ಪ. ತಿರುಚನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 25 ಮಿಲಿಮೀಟರಿನ ರಾಡಿಗೆ ಬದಲು ಅದೇ ಉಕ್ಕಿನ 30 ಮಿಲಿಮೀಟರಿನದು ಬಂದರೆ ಶಕ್ತಿ ಒಂದೂ ಮುಕ್ಕಾಲರಷ್ಟಾಗುತ್ತದೆ. ಕಣ್ಣಿಗೆ ಕಾಣುವ ವ್ಯತ್ಯಾಸ ಕಿರುಬೆರಳ ಉಗುರಿನಷ್ಟು. ಫಲ ಮಾತ್ರ ಬಹಳ.

ಎರಡನೆಯದು, ಭಾರ ಹೊರುವವರು ಯಾರು ಎಂಬ ಪ್ರಶ್ನೆ. ಕೆಲವು ಅಚ್ಚುಗಳಲ್ಲಿ ರಾಡು ಚಕ್ರವನ್ನು ತಿರುಗಿಸುವುದರ ಜೊತೆಗೆ ಗಾಡಿಯ ಭಾರವನ್ನೂ ಹೊರುತ್ತದೆ. ಅದು ಮುರಿದರೆ ಚಕ್ರವೇ ಕಳಚಿ ಹೋಗಬಹುದು. ಪೂರ್ಣ ತೇಲುವ ಅಚ್ಚು ಎಂದು ಕರೆಯುವ ಬಗೆಯಲ್ಲಿ ಭಾರವನ್ನು ಹೊರಗಿನ ಕೊಳವೆಯೇ ಹೊರುತ್ತದೆ. ರಾಡಿನದು ತಿರುಗಿಸುವ ಕೆಲಸ ಮಾತ್ರ. ಅದು ಮುರಿದರೂ ಚಕ್ರ ತನ್ನ ಸ್ಥಾನದಲ್ಲಿರುತ್ತದೆ. 1941ರಿಂದ 1945ರ ವರೆಗೆ ಮಹಾಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿಗೆ ಈ ಎರಡನೆಯ ಬಗೆಯ ಅಚ್ಚಿತ್ತು. ಅನಂತರ ಬಂದ ಸಿ.ಜೆ. 3ಬಿಗೆ ಮೊದಲನೆಯ ಬಗೆಯದು. ಹಾಗೆಂದು ತೇಲುವ ಅಚ್ಚೆಲ್ಲವೂ ಮುರಿಯದ ಅಚ್ಚೆಂದು ಭ್ರಮಿಸಬಾರದು. ಮುರಿಯದಿರುವುದು ಒಂದು ಗುಣ, ಮುರಿದಾಗ ಜನರನ್ನು ಉಳಿಸುವುದು ಇನ್ನೊಂದು ಗುಣ. ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಹೋಗುವವನು ಎರಡನ್ನೂ ಕೇಳಬೇಕು.

ಮೂರನೆಯದು ಹಲ್ಲಿನ ಅನುಪಾತ. ಡೀಸಲ್ ಎಂಜಿನು ಸಾಮಾನ್ಯವಾಗಿ ನಿಧಾನವಾಗಿ ತಿರುಗಿಯೇ ಬಲ ಕೊಡುವಂಥದು. ಹಳೆಯ ಜೀಪಿನ ಅಳತೆಯ ಟೈರಿನಲ್ಲಿ, ನೇರ ಗೇರಿನಲ್ಲಿ, 80 ಕಿಲೋಮೀಟರು ವೇಗಕ್ಕೆ 5.38ರ ಅಚ್ಚು ಎಂಜಿನನ್ನು ನಿಮಿಷಕ್ಕೆ ಸುಮಾರು 3,260 ಸುತ್ತು ತಿರುಗಿಸುತ್ತದೆ. 39ಕ್ಕೆ 8ರ, ಅಂದರೆ 4.88ರ ಅಚ್ಚು ಸುಮಾರು 2,960 ಸುತ್ತು. ಎಂಜಿನಿಗೆ ನೆಮ್ಮದಿ, ಇಂಧನ ಉಳಿತಾಯ. ಏರಿನಲ್ಲಿ ನೂರಕ್ಕೆ ಒಂಬತ್ತರಷ್ಟು ಎಳೆತ ಕಡಿಮೆಯಾಗುತ್ತದೆ, ನಿಜ. ಬಲವಾದ ಎಂಜಿನಿಗೆ ಆ ನಷ್ಟ ಭಾರವಲ್ಲ. ಆದರೆ ಜೀಪಿನ ನಾಲ್ಕೂ ಚಕ್ರಗಳಿಗೆ ಚಾಲನೆಯಿರುವುದನ್ನು ಮರೆಯಲಾಗದು. ಹಿಂದಿನ ಅಚ್ಚು 4.88, ಮುಂದಿನದು 5.38 ಆಗಿ ಉಳಿದರೆ, ನಾಲ್ಕನ್ನೂ ಕೂಡಿಸಿದ ಕ್ಷಣ ಎರಡೂ ಅಚ್ಚುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತು ಕೋಣಗಳಂತೆ ಜಗಳಾಡುತ್ತವೆ. ನಡುವಿನ ಗೇರುಗಳು ಪುಡಿಯಾಗುತ್ತವೆ. ಬದಲಿಸುವುದಾದರೆ ಎರಡನ್ನೂ ಬದಲಿಸಬೇಕು.

ನಾಲ್ಕನೆಯದು ಕೂಡಿಕೆ. ಹಳೆಯ ಜೀಪಿನ ಹಿಂದಿನ ಡಿಫರೆನ್ಶಿಯಲ್ ನಟ್ಟನಡುವೆ ಇರದೆ ಬಲಕ್ಕೆ ಸರಿದಿರುತ್ತದೆ. ನಡುವೆ ಗಡ್ಡೆಯುಳ್ಳ ಬೇರೆ ಗಾಡಿಯ ಅಚ್ಚನ್ನು ತಂದು ಕೂಡಿಸಿದರೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ತಿರುಗಿ ಅದರ ಕ್ರಾಸುಗಳು ಬೇಗ ಸವೆಯುತ್ತವೆ. ಅಚ್ಚಿನ ಅಗಲ, ಸ್ಪ್ರಿಂಗು ಕೂರುವ ಜಾಗ, ಚಕ್ರದ ಬೋಲ್ಟುಗಳ ಅಂತರ ಇವೆಲ್ಲ ಹೊಂದಬೇಕು. ಸ್ಪ್ರಿಂಗಿನ ಪೀಠವನ್ನು ಅವಸರದಿಂದ ಬೆಸುಗೆ ಹಾಕಿದರೆ ಕಾವಿಗೆ ಕೊಳವೆಯೇ ಸೊಟ್ಟಗಾಗುವ ಭಯವುಂಟು. ಬ್ರೇಕಿನ ಮಾತಂತೂ ಹೇಳಲೇಬೇಕಾಗಿಲ್ಲ: ಹೆಚ್ಚು ವೇಗವಾಗಿ ಓಡಬಲ್ಲ ಗಾಡಿ ಹೆಚ್ಚು ಚೆನ್ನಾಗಿ ನಿಲ್ಲಲೂ ಬಲ್ಲದಾಗಿರಬೇಕು.

ಕೊನೆಯದಾಗಿ ಕಾನೂನು, ನ್ಯಾಯವಾಗಿ ಇದೇ ಮೊದಲನೆಯದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು ಮತ್ತೆ ಸ್ಪಷ್ಟಪಡಿಸಿತು. ಆದುದರಿಂದ ಪಾನಾ ಕೈಗೆತ್ತಿಕೊಳ್ಳುವ ಮೊದಲು ಚಿಕ್ಕೋಡಿಯ ಸಾರಿಗೆ ಕಚೇರಿಯ ಮೆಟ್ಟಿಲೇರಿ, ಯಾವುದಕ್ಕೆ ಅನುಮತಿಯುಂಟು, ಯಾವುದಕ್ಕಿಲ್ಲ ಎಂದು ಕೇಳುವುದು ಲೇಸು. ಪತ್ರದಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಎಂಬ ಸ್ಥಿತಿಯಲ್ಲಿ ಅಪಘಾತವಾದರೆ ವಿಮೆಯ ಕಂಪನಿ ಮೊದಲು ಹುಡುಕುವುದು ಆ ವ್ಯತ್ಯಾಸವನ್ನೇ.

ಅಂಗಳದ ಜೀಪಿನ ಕಥೆಗೆ ಮರಳಿದರೆ, ಮಿಸ್ತ್ರಿ ಎರಡು ದಾರಿ ತೋರಿಸಿದ. ಅದೇ ಅಳತೆಯ ಹೊಸ ರಾಡು ಹಾಕಿದರೆ ಖರ್ಚು ಸ್ವಲ್ಪ, ಮುಂದಿನ ಸುಗ್ಗಿಗೆ ಮತ್ತೆ ಇದೇ ಪಾಡು. ಹಿಂದೂ ಮುಂದೂ ಬಲವಾದ ಅಚ್ಚು, ಅದಕ್ಕೆ ತಕ್ಕ ಬ್ರೇಕು, ಕಚೇರಿಯ ಒಪ್ಪಿಗೆ ಎಂದರೆ ಹಣವೂ ಹೆಚ್ಚು, ಓಡಾಟವೂ ಹೆಚ್ಚು. ಮಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಮಿರಜಿಗೆ ಹೋದ ಆ ಮಳೆಯ ರಾತ್ರಿ ಅವನಿಗೆ ನೆನಪಾಯಿತು. ಅಂದು ಅಚ್ಚು ಮುರಿದಿದ್ದರೆ?

"ಕಾಕಾ, ಕಚೇರಿಗೆ ಹೋಗಿ ಕೇಳಿ ಬರ್ತೀನಿ. ಆಗೂದಿಲ್ಲ ಅಂದ್ರ ಹಳೇ ಎಂಜಿನ್ ಮತ್ತ ಕೂಡಸ್ರಿ."

ಹಳೆಯ ಎಂಜಿನು ಹಗೇವಿನ ಪಕ್ಕದಲ್ಲಿ ಗೋಣಿತಟ್ಟು ಹೊದ್ದು ಮಲಗಿತ್ತು. ಅದನ್ನು ಗುಜರಿಗೆ ಮಾರದೆ ಉಳಿಸಿದವಳು ಮನೆಯ ಹಿರಿಯಾಕೆ.