ನೇಕಾರರು ಗೆದ್ದ ಕಪ್



'ಹಣಕ್ಕಾಗಿ ಆಡುವುದು ಆಟವಲ್ಲ, ವ್ಯಾಪಾರ' ಎಂಬ ಮಾತನ್ನು ನಮ್ಮಲ್ಲಿ ಹಲವರು ಸುಭಾಷಿತದಂತೆ ಹೇಳುವುದುಂಟು. ಕ್ರಿಕೆಟ್ ಆಟಗಾರರ ಹರಾಜಿನ ಸುದ್ದಿ ಬಂದಾಗಲೆಲ್ಲ ಈ ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಕೇಳುವುದಕ್ಕೆ ಉದಾತ್ತವಾಗಿರುವ ಈ ಮಾತನ್ನು ಮೊದಮೊದಲು ಯಾರು, ಯಾರನ್ನು ಕುರಿತು ಆಡಿದರು ಎಂಬುದನ್ನೂ ನಾವು ವಿಚಾರಿಸಬೇಕಲ್ಲವೆ? ಹಾಗೆ ವಿಚಾರಿಸಲು ಹೊರಟವರಿಗೆ ಇಂಗ್ಲೆಂಡಿನ ಎಫ್.ಎ. ಕಪ್ ಫುಟ್‌ಬಾಲ್ ಪಂದ್ಯಾವಳಿಯ 1882-83ರ ಋತುವಿಗಿಂತ ಒಳ್ಳೆಯ ಪಾಠ ಸಿಗಲಾರದು. ಕೈಗಾರಿಕಾ ಕ್ರಾಂತಿಯ ಅಧ್ಯಾಯದಲ್ಲಿ ಲ್ಯಾಂಕಶೈರಿನ ಹತ್ತಿಗಿರಣಿಗಳ ಹೆಸರನ್ನು ನೀವೆಲ್ಲ ನನ್ನ ತರಗತಿಯಲ್ಲಿ ಕೇಳಿದವರೇ. ಈ ಕಥೆಯ ನಾಯಕರು ಆ ಗಿರಣಿಗಳಿಂದಲೇ ಬಂದವರು.

ಈ ಪಂದ್ಯಾವಳಿ ಆರಂಭವಾದುದು 1871ರಲ್ಲಿ. ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ ಅವರ ಸಲಹೆಯಿಂದ ಹುಟ್ಟಿದ ಇದರಲ್ಲಿ ಮೊದಲ ವರ್ಷ ಹೆಸರು ಕೊಟ್ಟ ತಂಡಗಳು ಕೇವಲ 15. ಸೋತವರು ಅಲ್ಲಿಗೇ ಹೊರಬೀಳುವ ನಾಕೌಟ್ ಪದ್ಧತಿ. ನಿಯಮದ ದೃಷ್ಟಿಯಲ್ಲಿ ಎಲ್ಲರೂ ಸಮಾನರು. ಆದರೆ ಮೊದಲ 11 ವರ್ಷವೂ ಕಪ್ ಹೋದುದು ದಕ್ಷಿಣ ಇಂಗ್ಲೆಂಡಿನ ತಂಡಗಳಿಗೇ. ವಾಂಡರರ್ಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಸೈನ್ಯದ ರಾಯಲ್ ಎಂಜಿನಿಯರ್ಸ್, ಪ್ರತಿಷ್ಠಿತ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಸಂಘಗಳು, ಹೀಗೆ. ಈ ಶಾಲೆಗಳಿಗೆ ಅಲ್ಲಿ 'ಪಬ್ಲಿಕ್ ಸ್ಕೂಲ್' ಎಂದೇ ಹೆಸರು. ಅಲ್ಲಿ ಕಲಿಯುತ್ತಿದ್ದವರು ಮಾತ್ರ ಬಹುಮಟ್ಟಿಗೆ ಸಿರಿವಂತರ ಮಕ್ಕಳು.

1883ರ ಮಾರ್ಚ್ 31, ಶನಿವಾರ. ಲಂಡನ್ನಿನ ಕೆನ್ನಿಂಗ್ಟನ್ ಓವಲ್ ಮೈದಾನದಲ್ಲಿ ಅಂತಿಮ ಪಂದ್ಯ. ಒಂದು ಕಡೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವಾದ ಓಲ್ಡ್ ಈಟೋನಿಯನ್ಸ್. ಹಿಂದಿನ ವರ್ಷ ಕಪ್ ಗೆದ್ದವರು ಅವರೇ. ಅವರ ನಾಯಕ ಆರ್ಥರ್ ಕಿನೇರ್ಡ್ ಬ್ಯಾಂಕ್ ಒಡೆತನದ ಶ್ರೀಮಂತ ಮನೆತನದವರು. ಎರಡು ತಂಡಗಳ ಪರವಾಗಿ ಅದಾಗಲೇ ಐದು ಸಲ ಕಪ್ ಗೆದ್ದಿದ್ದವರು. ಇನ್ನೊಂದು ಕಡೆ 1878ರಲ್ಲಿ ಹುಟ್ಟಿದ ಬ್ಲ್ಯಾಕ್‌ಬರ್ನ್ ಒಲಿಂಪಿಕ್. ಅದರ ಆಟಗಾರರ ಕಸುಬುಗಳನ್ನು ನೋಡಿ: ನೇಕಾರರು, ನೂಲುವವನು, ಎರಕದ ಕಾರ್ಖಾನೆಯ ಕೆಲಸಗಾರ, ಚಿತ್ರಪಟಗಳಿಗೆ ಚೌಕಟ್ಟು ಹಾಕುವವನು, ದಂತವೈದ್ಯರ ಸಹಾಯಕ, ಗುಮಾಸ್ತ. ನಾಯಕ ಆಲ್ಬರ್ಟ್ ವಾರ್ಬರ್ಟನ್ ಕೊಳಾಯಿ ಕೆಲಸದವರು.

ಮೊದಲ ಗೋಲು ಈಟೋನಿಯನ್ನರ ಪರವಾಗಿ ಗುಡ್‌ಹಾರ್ಟ್ ಅವರದು. ಒಲಿಂಪಿಕ್ ತಂಡದ ಮ್ಯಾಥ್ಯೂಸ್ ಅದನ್ನು ಸರಿಗಟ್ಟಿದರು. ಈಟೋನಿಯನ್ನರ ಆರ್ಥರ್ ಡನ್ ಗಾಯಗೊಂಡು ಮೈದಾನ ಬಿಡಬೇಕಾಯಿತು. ಬದಲಿ ಆಟಗಾರನನ್ನು ಇಳಿಸುವ ಕ್ರಮ ಆಗ ಇರಲಿಲ್ಲವಾದ್ದರಿಂದ ಉಳಿದ ಹತ್ತು ಮಂದಿಯೇ ಆಡಿದರು. ಸೋತವರಿಗೂ ನ್ಯಾಯ ಸಲ್ಲಬೇಕಾದ್ದರಿಂದ ಈ ಮಾತನ್ನು ಹೇಳಲೇಬೇಕು. ಹೆಚ್ಚುವರಿ ಸಮಯದಲ್ಲಿ ನೂಲುವ ಕೆಲಸದ ಜಿಮ್ಮಿ ಕಾಸ್ಟ್ಲಿ ಎರಡನೆಯ ಗೋಲು ಹೊಡೆದರು. 2-1. ಕಪ್ ಮೊದಲ ಬಾರಿಗೆ ಉತ್ತರಕ್ಕೆ, ಗಿರಣಿಗಳ ಊರಿಗೆ ಹೋಯಿತು. ಅಲ್ಲಿಂದೀಚೆಗೆ ಹವ್ಯಾಸಿ ತಂಡವೊಂದು ಆ ಕಪ್ಪನ್ನು ಗೆದ್ದುದೇ ಇಲ್ಲ.

ಗೆಲುವಿನ ಬೆನ್ನಿಗೇ ಆಕ್ಷೇಪಣೆಯೂ ಬಂತು. ಪಂದ್ಯಕ್ಕೆ ಮುಂಚೆ ಒಲಿಂಪಿಕ್ ಆಟಗಾರರು ಬ್ಲ್ಯಾಕ್‌ಪೂಲಿನ ಕಡಲತೀರದಲ್ಲಿ ಕೆಲವು ದಿನ ತಂಗಿ, ಜ್ಯಾಕ್ ಹಂಟರ್ ಅವರ ಮಾರ್ಗದರ್ಶನದಲ್ಲಿ ಅಭ್ಯಾಸ ಮಾಡಿದ್ದರು. ಅದರ ಖರ್ಚಿಗೆ ನೆರವಾದವರು ಊರಿನ ಎರಕದ ಕಾರ್ಖಾನೆಯ ಮಾಲೀಕರು. ಕೂಲಿಯಾಳುಗಳು ಕೆಲಸ ಬಿಟ್ಟು ದಿನಗಟ್ಟಲೆ ಅಭ್ಯಾಸ ಮಾಡುವುದು ಹೇಗೆ ಸಾಧ್ಯ, ಗುಟ್ಟಾಗಿ ಯಾರೋ ಹಣ ಕೊಡುತ್ತಿರಬೇಕು, ಇದು ಕ್ರೀಡಾಧರ್ಮವಲ್ಲ ಎಂಬುದು ದೂರು.

ಇಲ್ಲಿಯೇ ನನ್ನ ತಕರಾರು. ಈಟನ್ನಿನಲ್ಲಿ ಓದಿದ ತರುಣನಿಗೆ ಅಭ್ಯಾಸಕ್ಕೆ ಬೇಕಾದ ಬಿಡುವನ್ನು ಯಾರು ಕೊಟ್ಟರು? ಅವನ ತಂದೆಯ ಆಸ್ತಿ ಕೊಟ್ಟಿತು. ಆ ಹಣವನ್ನು ಯಾರೂ ಸಂಬಳವೆಂದು ಕರೆಯಲಿಲ್ಲ. ನೇಕಾರನಿಗೆ ಬಿಡುವು ಸಿಕ್ಕುದು ಕಾನೂನಿನಿಂದ. 1850ರ ಕಾರ್ಖಾನೆ ಕಾಯಿದೆಯು ಹೆಂಗಸರು ಮತ್ತು ಎಳೆಯರ ಶನಿವಾರದ ದುಡಿಮೆ ಮಧ್ಯಾಹ್ನ 2 ಗಂಟೆಗೆ ಮುಗಿಯಬೇಕೆಂದು ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯುವಂತಿರಲಿಲ್ಲವಾದ್ದರಿಂದ ಗಂಡಸರಿಗೂ ಅರ್ಧ ದಿನದ ಬಿಡುವು ಒದಗಿತು. ಆ ಅರ್ಧ ದಿನದಲ್ಲಿಯೇ ಉತ್ತರದ ಫುಟ್‌ಬಾಲ್ ಬೆಳೆಯಿತು. ಆದರೆ ಇನ್ನೂರು ಮೈಲಿಗೂ ಹೆಚ್ಚು ದೂರದ ಲಂಡನ್ನಿಗೆ ಹೋಗಿ ಆಡಬೇಕಾದರೆ ಅರ್ಧ ದಿನ ಸಾಲದು, ಕೂಲಿ ಬಿಡಬೇಕು. ಬಿಟ್ಟ ಕೂಲಿಯನ್ನು ಯಾರಾದರೂ ತುಂಬಿಕೊಟ್ಟರೆ ಅದು ಲೋಭವೆ? ಹಸಿವಿಲ್ಲದವನು ಉಪವಾಸದ ಮಹಿಮೆ ಹೇಳಿದಂತಾಯಿತು ಇದು.

ನಮ್ಮ ಪ್ರೌಢಶಾಲೆಯಲ್ಲಿಯೂ ಸಂಜೆ ಗಂಟೆ ಬಾರಿಸಿದೊಡನೆ ಮೈದಾನದತ್ತ ತಿರುಗಿಯೂ ನೋಡದೆ ಮನೆಗೆ ಓಡುತ್ತಿದ್ದ ಹುಡುಗರಿದ್ದರು. ಅವರಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂದು ಹೇಳುವವರೂ ಇದ್ದರು. ಆ ಹುಡುಗರಿಗಾಗಿ ಮನೆಯಲ್ಲಿ ದನಗಳು ಕಾಯುತ್ತಿದ್ದವು, ಕೆಲವರಿಗೆ ಅಂಗಡಿಯ ಗಲ್ಲಾಪೆಟ್ಟಿಗೆ ಕಾಯುತ್ತಿತ್ತು. ಇದನ್ನು ಓದುತ್ತಿರುವ ನಿಮ್ಮಲ್ಲಿಯೇ ಕೆಲವರು ಅಂಥವರು. ನಿಮಗೆ ಈ ವಾದವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುಂದಿನ ವರ್ಷವೇ ಜಗಳ ಬೀದಿಗೆ ಬಂತು. 1884ರ ಜನವರಿಯಲ್ಲಿ ಲಂಡನ್ನಿನ ಅಪ್ಟನ್ ಪಾರ್ಕ್ ತಂಡವು, ಪ್ರೆಸ್ಟನ್ ನಾರ್ತ್ ಎಂಡ್ ತನ್ನ ಆಟಗಾರರಿಗೆ ಹಣ ಕೊಡುತ್ತಿದೆಯೆಂದು ದೂರಿತು. ಪ್ರೆಸ್ಟನ್ನಿನ ವಿಲಿಯಂ ಸಡೆಲ್ ಅದನ್ನು ಅಲ್ಲಗಳೆಯದೆ ಒಪ್ಪಿಕೊಂಡರು. ತಂಡ ಪಂದ್ಯಾವಳಿಯಿಂದ ಹೊರಬಿತ್ತು. ಆದರೆ ಎಷ್ಟು ತಂಡಗಳನ್ನು ಹೀಗೆ ಹೊರಗಿಡಬಹುದು? ಸ್ವತಃ ಆಲ್ಕಾಕ್ ಅವರೇ ಸಂಬಳದ ಪರವಾಗಿ ವಾದಿಸಿದರು. 1885ರ ಜುಲೈ ತಿಂಗಳಲ್ಲಿ ಅಸೋಸಿಯೇಷನ್ ವೃತ್ತಿಪರತೆಯನ್ನು ಮಾನ್ಯ ಮಾಡಿತು. ಆದರೂ ಸಂಬಳದ ಆಟಗಾರ ಕಪ್ ಪಂದ್ಯದಲ್ಲಿ ಆಡಬೇಕಾದರೆ ಕ್ಲಬ್ಬಿನ ನೆಲೆಯಿಂದ ಆರು ಮೈಲಿಯೊಳಗೆ ಹುಟ್ಟಿರಬೇಕು, ಇಲ್ಲವೇ ಎರಡು ವರ್ಷ ವಾಸವಾಗಿರಬೇಕು ಎಂಬ ಷರತ್ತು ಹಾಕಿತು. ಬಾಗಿಲು ತೆರೆದರೂ ಸರಪಣಿ ತೆಗೆಯಲಿಲ್ಲವೆನ್ನೋಣ.

ಇಷ್ಟಕ್ಕೇ ನಿಲ್ಲಿಸಿದರೆ ಪಾಠ ಅರ್ಧವಾದೀತು. ಹಣ ಬಂದುದರಿಂದ ಬಡವನಿಗೆ ಆಡುವ ಹಕ್ಕು ದೊರೆಯಿತು, ನಿಜ. ಬಡ ತಂಡಕ್ಕೆ ಮಾತ್ರ ಉಳಿಗಾಲವಿಲ್ಲವಾಯಿತು. ಅದೇ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಹೆಚ್ಚು ಅನುಕೂಲಸ್ಥ ತಂಡ. 1884, 1885, 1886 ಹೀಗೆ ಸತತ ಮೂರು ವರ್ಷ ಕಪ್ ಅದರದಾಯಿತು. 1888ರಲ್ಲಿ 12 ತಂಡಗಳ ಫುಟ್‌ಬಾಲ್ ಲೀಗ್ ಸ್ಥಾಪನೆಯಾದಾಗ ಬ್ಲ್ಯಾಕ್‌ಬರ್ನಿನಿಂದ ಸೇರಿದ್ದು ರೋವರ್ಸ್. ಸಂಬಳದ ಭಾರ ಹೊರಲಾರದೆ ಒಲಿಂಪಿಕ್ 1889ರಲ್ಲಿ ಮುಚ್ಚಿಹೋಯಿತು. ಕಪ್ ಗೆದ್ದು ಆಗಿನ್ನೂ ಏಳು ವರ್ಷವೂ ತುಂಬಿರಲಿಲ್ಲ.

ಆದ್ದರಿಂದ ಹಣ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಸರಿಯಲ್ಲವೆಂದು ನನಗೆ ತೋರುತ್ತದೆ. ಯಾರ ಸಮಯಕ್ಕೆ ಬೆಲೆಯಿದೆ, ಯಾರ ಅನುಕೂಲಕ್ಕೆ ನಿಯಮ ಬಾಗುತ್ತದೆ ಎಂದು ಕೇಳಬೇಕು. ಈ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಹಿಂದೆ ಕಪ್ ಪಂದ್ಯ ಸಮವಾದರೆ ಎದುರಾಳಿಯ ಮೈದಾನದಲ್ಲಿ ಅದನ್ನು ಮತ್ತೆ ಆಡುವ ಪದ್ಧತಿಯಿತ್ತು. ಚಿಕ್ಕ ಊರಿನ ತಂಡವೊಂದು ದೊಡ್ಡ ತಂಡವನ್ನು ಸಮಬಲದಲ್ಲಿ ನಿಲ್ಲಿಸಿದರೆ, ಮರುಪಂದ್ಯದ ಟಿಕೆಟ್ಟಿನ ಆದಾಯ ಅದಕ್ಕೆ ಬಹುಕಾಲ ಆಸರೆಯಾಗುತ್ತಿತ್ತು. 2024-25ರ ಋತುವಿನಿಂದ ಪ್ರಧಾನ ಹಂತದ ಮೊದಲ ಸುತ್ತಿನಿಂದಲೇ ಮರುಪಂದ್ಯಗಳನ್ನು ರದ್ದುಮಾಡಿದರು. ಪಂದ್ಯಗಳ ಪಟ್ಟಿ ತುಂಬಿಹೋಗಿದೆ, ದಿನಗಳು ಸಾಲವು ಎಂಬುದು ಕಾರಣ. ಯಾರಿಗೆ ಸಾಲವು? ಐರೋಪ್ಯ ಪಂದ್ಯಾವಳಿಗಳಲ್ಲಿ ಆಡುವ ದೊಡ್ಡ ತಂಡಗಳಿಗೆ. ಹಲವು ಚಿಕ್ಕ ತಂಡಗಳು ಪ್ರತಿಭಟಿಸಿದರೂ ನಿರ್ಧಾರ ಬದಲಾಗಲಿಲ್ಲ.

1883ರಲ್ಲಿ ಬಿಡುವುಳ್ಳವರು ಬಿಡುವಿಲ್ಲದವರನ್ನು ಆಕ್ಷೇಪಿಸಿದರು. ಈಗ ತಮಗೆ ಬಿಡುವಿಲ್ಲವೆಂದು ಹೇಳುವ ಬಲಾಢ್ಯರಿಗಾಗಿ ಉಳಿದವರು ಬಿಟ್ಟುಕೊಡಬೇಕಾಗಿದೆ. ಮಾತು ತಿರುವುಮುರುವಾಗಿದೆ, ತಕ್ಕಡಿ ಮಾತ್ರ ಅದೇ ಕಡೆಗೆ ವಾಲಿದೆ. ಇನ್ನು ಮುಂದೆ ಯಾರಾದರೂ ನಿಮ್ಮೆದುರು ಆಟದ ಪಾವಿತ್ರ್ಯದ ಮಾತೆತ್ತಿದರೆ, ಬ್ಲ್ಯಾಕ್‌ಬರ್ನಿನ ನೇಕಾರರನ್ನು ನೆನೆದು, ಅದರ ಖರ್ಚನ್ನು ಯಾರು ಕೊಡುತ್ತಾರೆಂದು ವಿನಯದಿಂದಲೇ ಕೇಳಿರಿ.