ಕುತ್ತಿಗೆ ನೋವಿಗೆ ಮುಲಾಮೊಂದೇ ಸಾಕೇ?

ರಂಗಂಪೇಟೆಯ ಹೆಣ್ಣುಮಕ್ಕಳು ಬಿ.ಡಿ.ಎಸ್. ಓದಲು ಕಲಬುರಗಿಗೋ ರಾಯಚೂರಿಗೋ ಹೋಗಬೇಕು. ರಜೆಗೆ ಬಂದ ಮಗಳು "ಅಮ್ಮೀ, ಕುತ್ತಿಗೆ ನೋವು" ಎಂದರೆ ತಾಯಿ ಮುಲಾಮು ಹಚ್ಚಿ, "ಓದಿ ಓದಿ ದಣಿದಿದ್ದೀ" ಎನ್ನುತ್ತಾಳೆ. ಆದರೆ ಕಾರಣ ಪುಸ್ತಕವೇ ಆಗಿರಬೇಕಿಲ್ಲ, ಅವಳು ಕೆಲಸ ಮಾಡುವ ಭಂಗಿಯೂ ಆಗಿರಬಹುದು.

ಮೂರನೆಯ ವರ್ಷದಿಂದ ವಿದ್ಯಾರ್ಥಿಗಳು ರೋಗಿಗಳಿಗೆ ಚಿಕಿತ್ಸೆ ನೀಡಲಾರಂಭಿಸುತ್ತಾರೆ. ಮೇಲ್ದವಡೆಯ ಹಿಂದಿನ ಹಲ್ಲು ನೇರವಾಗಿ ಕಾಣುವುದಿಲ್ಲ. ಹಿರಿಯ ರೋಗಿಗೆ "ಸ್ವಲ್ಪ ತಲೆ ತಿರುಗಿಸಿ" ಎನ್ನಲು ಸಂಕೋಚ. ಹಾಗಾಗಿ ತಾವೇ ಸೊಂಟ ತಿರುಚಿ, ಕುತ್ತಿಗೆ ಬಗ್ಗಿಸಿ ಇಣುಕುತ್ತಾರೆ. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಸ್ನಾಯುಗಳಿಗೆ ಹೊರೆ ಹೆಚ್ಚು. ಕಲಿಯುವಾಗ ಅಂಟಿದ ಈ ಅಭ್ಯಾಸ ಮುಂದೆ ಬಿಡಿಸುವುದು ಕಷ್ಟ.

ಮಗಳಿಗೆ ಇಷ್ಟು ಹೇಳಿ:

* ರೋಗಿಯ ಬಾಯಿ ನಿನ್ನ ಮೊಣಕೈ ಎತ್ತರಕ್ಕೆ ಬರುವಂತೆ ಕುರ್ಚಿ ಹೊಂದಿಸಿಕೋ.
* ಪಾದಗಳೆರಡೂ ನೆಲದ ಮೇಲಿರಲಿ, ಬೆನ್ನಿಗೆ ಆಸರೆಯಿರಲಿ, ಮೊಣಕೈ ಮೈಗೆ ಹತ್ತಿರವಿರಲಿ.
* ತಲೆ 20 ಡಿಗ್ರಿಗಿಂತ ಹೆಚ್ಚು ಬಾಗದಿರಲಿ. ಕಾಣದ ಹಲ್ಲನ್ನು ಕನ್ನಡಿಯಲ್ಲಿ ನೋಡು.
* ತಲೆ ತಿರುಗಿಸುವಂತೆ ರೋಗಿಗೆ ವಿನಯದಿಂದಲೇ ಹೇಳು. ಅದು ಅಗೌರವವಲ್ಲ.
* ಒಬ್ಬ ರೋಗಿಯ ಚಿಕಿತ್ಸೆ ಮುಗಿದೊಡನೆ ಎದ್ದು ನಿಂತು ಭುಜ, ಬೆನ್ನು ಸಡಿಲಿಸು.

ನೋವು ತೋಳಿಗಿಳಿದರೆ, ಬೆರಳು ಜೋಮು ಹಿಡಿದರೆ ಮುಲಾಮು ನಂಬಿ ಕೂರದೆ ವೈದ್ಯರಿಗೆ ತೋರಿಸಿ.

ತಾಯಂದಿರೇ, ಮುಂದಿನ ಸಲ ಫೋನ್ ಮಾಡಿದಾಗ ಅಂಕಗಳ ಜೊತೆಗೆ ಇದನ್ನೂ ಕೇಳಿ: "ಹೇಗೆ ಕೂತು ಕೆಲಸ ಮಾಡ್ತೀ ಮಗಳೇ?" ಹತ್ತಾರು ವರ್ಷ ಇತರರ ನೋವು ನೀಗಿಸಬೇಕಾದವಳು ಮೊದಲು ತನ್ನ ಬೆನ್ನನ್ನು ಕಾಪಾಡಿಕೊಳ್ಳಬೇಕಲ್ಲವೇ?