ಹನ್ನೆರಡು ಗಂಟೆಗಳ ಹಕ್ಕು

ಆರೋಗ್ಯವಂತರ ಮೂತ್ರಪಿಂಡಗಳು ವಾರದ 168 ಗಂಟೆಯೂ ರಕ್ತವನ್ನು ಸೋಸುತ್ತವೆ. ಅವು ಸೋತಾಗ ಯಂತ್ರಕ್ಕೆ ಸಾಮಾನ್ಯವಾಗಿ ಒದಗುವುದು ವಾರಕ್ಕೆ ಮೂರು ಸಲ, ನಾಲ್ಕು ಗಂಟೆಯಂತೆ, ಒಟ್ಟು 12 ಗಂಟೆ. ಮಸ್ಕತ್ತಿನ ಅಲ್ ಅಜೈಬಾದಲ್ಲಿ ಕಟ್ಟಡ ಕಟ್ಟುವ, ಕಾರು ಓಡಿಸುವ ವಲಸೆ ಕಾರ್ಮಿಕನಿಗೆ ಆ 12 ಗಂಟೆಗಳನ್ನು ಕೊಡುವವರು ಯಾರು?

ಯೂರಿಯಾದಂಥ ಸಣ್ಣ ಕಣಗಳು ಡಯಾಲಿಸಿಸ್ ಪೊರೆಯನ್ನು ಬೇಗ ದಾಟುತ್ತವೆ. ಫಾಸ್ಫೇಟ್ ಹಾಗಲ್ಲ, ಅದು ಜೀವಕೋಶಗಳಿಂದ ನಿಧಾನವಾಗಿ ರಕ್ತಕ್ಕೆ ಬರುತ್ತದೆ, ಅದನ್ನು ತೆಗೆಯಲು ಸಮಯವೇ ಬೇಕು. ಕರುಳಿನ ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಇಂಡಾಕ್ಸಿಲ್ ಸಲ್ಫೇಟ್‌ನಂಥ ವಿಷಗಳು ಪ್ರೋಟೀನಿಗೆ ಅಂಟಿಕೊಂಡು ಯಂತ್ರದಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತವೆ. ಮಧ್ಯಮ ಗಾತ್ರದ ಕಣಗಳನ್ನು ಹೆಚ್ಚಾಗಿ ತೆಗೆಯಬಲ್ಲ ಹಿಮೋಡಯಾಫಿಲ್ಟ್ರೇಶನ್ ವಿಧಾನವನ್ನು ಯುರೋಪಿನ 1,360 ರೋಗಿಗಳಲ್ಲಿ ಪರೀಕ್ಷಿಸಿದ ಕನ್ವಿನ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆ ವಿಧಾನ ಪಡೆದವರಲ್ಲಿ ಸಾವು ಶೇ. 17.3, ಸಾಮಾನ್ಯ ಡಯಾಲಿಸಿಸ್ ಪಡೆದವರಲ್ಲಿ ಶೇ. 21.9. ವಿಜ್ಞಾನ ದಾರಿ ತೋರಿಸಿದೆ. ಆ ದಾರಿಯಲ್ಲಿ ಯಾರಿಗೆ ಪ್ರವೇಶ ಎಂಬುದು ಮಾತ್ರ ರಾಜಕೀಯದ ಪ್ರಶ್ನೆ.

1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಯಾರು ಬದುಕಬೇಕೆಂದು ಆರಿಸಲು ಏಳು ಜನರ ಸಮಿತಿ ಕೂರುತ್ತಿತ್ತು. ರೋಗಿಯ ಉದ್ಯೋಗ, ಸಂಸಾರ, ಸಾಮಾಜಿಕ ಸ್ಥಾನಗಳನ್ನು ತೂಗುತ್ತಿತ್ತು. ಜಗತ್ತು ಅದನ್ನು ಖಂಡಿಸಿತು. ಇಂದು ಕೊಲ್ಲಿ ನಾಡುಗಳಲ್ಲಿ ಅಂಥ ಸಮಿತಿಯಿಲ್ಲ, ಅದರ ಕೆಲಸವನ್ನು ವೀಸಾ ಮಾಡುತ್ತದೆ. ಒಮಾನ್‌ನಲ್ಲಿ ಸರ್ಕಾರಿ ಚಿಕಿತ್ಸೆಯ ಸವಲತ್ತು ಮುಖ್ಯವಾಗಿ ನಾಗರಿಕರದು. ವಲಸಿಗನಿಗೆ ಮಾಲೀಕ, ವಿಮೆ ಅಥವಾ ಸ್ವಂತ ಜೇಬೇ ಗತಿ. ದುಡಿಯಲಾಗದವನ ಪಾಲಿಗೆ ಕೊನೆಯ ಔಷಧಿ ಊರಿನ ವಿಮಾನದ ಟಿಕೆಟ್.

ಊರಿಗೆ ಮರಳಿದರೆ ತಾಲೂಕು ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಇದೆ, ನಿಜ. ಆದರೆ ಭಾರತದಲ್ಲಿ ಅನೇಕರಿಗೆ ವಾರಕ್ಕೆ ಸಿಗುವುದು ಎರಡೇ ಸರದಿ. ತಪ್ಪಿದ ಆ ನಾಲ್ಕು ಗಂಟೆ ರಕ್ತದಲ್ಲಿ ಪೊಟ್ಯಾಸಿಯಮ್ಮಾಗಿ, ಮೈಯಲ್ಲಿ ನೀರಾಗಿ ಉಳಿಯುತ್ತದೆ.

ರೋಗ ಬಾರದಂತೆ ನೋಡಿಕೊಳ್ಳುವುದೂ ಇದೇ ನ್ಯಾಯದ ಭಾಗ. ಬಿಸಿಲಲ್ಲಿ ಸತತ ದುಡಿಮೆ ಮತ್ತು ನಿರ್ಜಲೀಕರಣ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಬಯಲಿನ ಕೆಲಸವನ್ನು ಒಮಾನ್ ನಿಷೇಧಿಸಿದೆ. ಒಳ್ಳೆಯ ಕಾನೂನು, ಆದರೆ ಮೇ ತಿಂಗಳ ಬಿಸಿಲು ಕ್ಯಾಲೆಂಡರ್ ನೋಡುವುದಿಲ್ಲ.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆದು ಶಾಲು ಹೊದಿಸುತ್ತವೆ. ಅದೇ ವೇದಿಕೆಯಲ್ಲಿ ಎರಡು ಬೇಡಿಕೆಗಳನ್ನು ಇಡಲಿ: ಕಾರ್ಮಿಕನ ಉದ್ಯೋಗ ಕರಾರಿನ ವಿಮೆಯಲ್ಲಿ ಡಯಾಲಿಸಿಸ್ ಸೇರಬೇಕು, ಮರಳಿದವನಿಗೆ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಸರದಿ ಖಾತರಿಯಾಗಬೇಕು. ಕೇಳುತ್ತಿರುವುದು 168 ಗಂಟೆಗಳಲ್ಲಿ 12 ಮಾತ್ರ.